ಟ್ಯೂಬಾ, ಟ್ಯೂಬ್‌ಲೆಸ್ಸಾ? 21/18 ಸ್ಪೋಕ್ ವೀಲು, ತೂಕದ ಲೆಕ್ಕ ಮತ್ತು ಜಾಲಿ ಮುಳ್ಳು

ಹೊಸಬ_ಕೊಪ್ಪಳ
ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ ಎಕ್ಸ್‌ಪಲ್ಸ್ 200 4ವಿ. ಮುಂದ 90/90-21, ಹಿಂದ 120/80-18, ಎರಡೂ ಸ್ಪೋಕ್ ರಿಮ್ಮು, ಎರಡರಾಗೂ ಮಾಮೂಲಿ ಟ್ಯೂಬು. ಓಡಿಸೋದು ಆನೆಗೊಂದಿ ಕಡೆ ಬಂಡಿಗಲ್ಲಿನ ದಾರಿ, ಎಡದಂಡೆ ಕಾಲುವಿ ದಂಡಿ, ಹೊಲದ ಬದು. ಹವಾ ಕಮ್ಮಿ ಮಾಡಿದ್ರ ಕಲ್ಲಿಗೆ ಬಡದು ಟ್ಯೂಬು ಕತ್ತರಿಸ್ತೈತಿ, ಜಾಸ್ತಿ ಇಟ್ರ ಗ್ರಿಪ್ ಸಿಗಂಗಿಲ್ಲ, ನಡುವ ಜಾಲಿ ಮುಳ್ಳು ಬ್ಯಾರೆ. 4 ಮಿ.ಮೀ. ದಪ್ಪನ ಟ್ಯೂಬು ಹಾಕ್ಲೇನು, ಸ್ಪೋಕಿನ ತೂತು ಸೀಲ್ ಮಾಡಿ ಟ್ಯೂಬ್‌ಲೆಸ್ ಮಾಡ್ಲೇನು, ಇಲ್ಲಾ ಟ್ಯೂಬ್ಲಿಸ್ ಅನ್ನೋ ಕಿಟ್ ತರಸ್ಲೇನು? ಯಾವುದು ಎಷ್ಟು ತೂಕ ಬರ್ತೈತಿ, ಆ ತೂಕ ಓಡ್ಸೋವಾಗ ಖರೇನ ಗೊತ್ತಾಗ್ತೈತೇನು?

ಕೆಂಪುಧೂಳು_ಸಂಡೂರು
ತೂಕ ಅಂದ್ರ ಕಡ್ಡಿಗೆ ಸಿಗಸೋ ಬ್ಯಾಲೆನ್ಸ್ ತೂಕಾನ? ಕಚ್ಚಾ ದಾರಿಗೆ ಅದು ಬೇಕಾಗಿಲ್ಲ ಬಿಡ್ರಿ.

ಹೊಸಬ_ಕೊಪ್ಪಳ
ಅಲ್ರಿ ಅಣ್ಣಾ, ಟಯರು ಟ್ಯೂಬಿನ ತೂಕ ಕೇಳಿದ್ದು.

ಲೆಕ್ಕದವ
ಪ್ಯಾಟಿಯೊಳಗ ಸಿಗೋ ಮಾಲಿನ ಅಂದಾಜು ತೂಕ ಹೇಳ್ತೀನಿ. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಒಂದಿಷ್ಟು ಹೆಚ್ಚುಕಡಿಮಿ ಇರ್ತೈತಿ.

21 ಇಂಚಿನ ಮಾಮೂಲಿ ಟ್ಯೂಬು 700ರಿಂದ 900 ಗ್ರಾಂ. ಹೆವಿ ಡ್ಯೂಟಿ ಅನ್ನೋದು 1.3ರಿಂದ 1.5 ಕೆ.ಜಿ. 4 ಮಿ.ಮೀ.ದು 1.8ರಿಂದ 2 ಕೆ.ಜಿ. 18 ಇಂಚಿಂದು ಪ್ರತಿ ದರ್ಜೆಯೊಳಗೂ ಇದಕ್ಕಿಂತ 300–500 ಗ್ರಾಂ ಮ್ಯಾಲೆ. ಸ್ಪೋಕು ಸೀಲ್ ಮಾಡಿದ್ರ ಅಂಟು, ಟೇಪು, ವಾಲ್ವ್ ಎಲ್ಲಾ ಸೇರಿ ಒಂದು ವೀಲಿಗೆ ಸುಮಾರು 200 ಗ್ರಾಂ. ಒಳಗ ಸೀಲಂಟ್ ದ್ರವ ಹಾಕೋದಾದ್ರ ಇನ್ನೊಂದು 200–250. ಅಂದ್ರ ಮಾಮೂಲಿ ಟ್ಯೂಬು ತಗದು ಟ್ಯೂಬ್‌ಲೆಸ್ ಮಾಡಿದ್ರ ಉಳಿಯೋದು ವೀಲಿಗೆ 300–500 ಗ್ರಾಂ ಅಷ್ಟ. 4 ಮಿ.ಮೀ. ಟ್ಯೂಬಿಗೆ ಹೋಲಿಸಿದ್ರ ಮಾತ್ರ ಒಂದೂವರಿ ಕಿಲೋ ತನಕ ಉಳಿತೈತಿ.

ಈಗ ಆ ತೂಕ ಎಲ್ಲಿ ಕುಂತೈತಿ ನೋಡ್ರಿ. 90/90-21 ಟಯರಿನ ರಿಮ್ಮು 21 ಇಂಚು ಅಂದ್ರ 533 ಮಿ.ಮೀ., ಗೋಡಿ ಎತ್ತರ 90 ಮಿ.ಮೀ. ಅಗಲದ ಶೇಕಡಾ 90, ಅಂದ್ರ ಒಂದೊಂದು ಕಡೆ 81, ಒಟ್ಟು ವ್ಯಾಸ 695. ಅರ್ಧ ಹಿಡಿದ್ರ 347. ಟ್ಯೂಬಿನ ತೂಕ ನಡುವಿನಿಂದ ಸುಮಾರು 307ರ ಮ್ಯಾಲೆ ಇರ್ತೈತಿ. 307ನ್ನ 347ರಿಂದ ಭಾಗಿಸಿ ವರ್ಗ ಮಾಡಿದ್ರ 0.78. ಹಂಗಾಗಿ ವೇಗ ಏರಿಸೋವಾಗ ಟ್ಯೂಬಿನ ಒಂದು ಕಿಲೋ, ಟ್ಯಾಂಕಿನ ಮ್ಯಾಲೆ ಇಟ್ಟ 1.78 ಕಿಲೋಕ್ಕ ಸಮ. ಹೊರಗಿನ ಗುಬ್ಬಿ (ಉಬ್ಬು) ರಬ್ಬರಿಗೆ ಇದು ಹತ್ರಹತ್ರ ದುಪ್ಪಟ್ಟು, ರಿಮ್ಮಿಗೆ 1.6ರ ಆಸುಪಾಸು.

ಬಂಡೆಗಲ್ಲು
ಲೆಕ್ಕ ಬರೋಬ್ಬರಿ ಐತಿ, ಆದ್ರ ಅರ್ಥ? ಗಾಡಿ 158 ಕೆ.ಜಿ., ಮ್ಯಾಲೆ ಮನುಷ್ಯ 75. ನೀವು ಹೇಳಿದ 400 ಗ್ರಾಂ ಎರಡೂ ವೀಲಿಗೆ ಉಳಿಸಿದ್ರ ಒಂದೂವರಿ ಕಿಲೋ ಇಳಿಸಿದಂಗ ಆತು. 19 ಕುದುರಿ ಎಂಜಿನ್ನಿಗೆ ಅದು ಲೆಕ್ಕಕ್ಕಿಲ್ಲ. ತೂಕಕ್ಕಂತ ಟ್ಯೂಬ್‌ಲೆಸ್ ಮಾಡ್ತೀನಿ ಅನ್ನೋದು ದಂಡ. ಟ್ಯೂಬ್‌ಲೆಸ್ ಮಾಡೋದು ಹವಾ ಕಮ್ಮಿ ಇಟ್ಟು ಓಡಿಸಾಕ.

ಲೆಕ್ಕದವ
ಎಂಜಿನ್ನಿಗೆ ಇಲ್ಲ ಅನ್ನೋದು ಒಪ್ಪಿದೆ. ಆದ್ರ ಸಸ್ಪೆನ್ಷನ್ ಕೆಳಗಿನ ತೂಕ ಬ್ಯಾರೆ ಮಾತು. 4 ಮಿ.ಮೀ. ಟ್ಯೂಬು ಎರಡೂ ಕಡೆ ಹಾಕಿದ್ರ ಎರಡೂವರಿ ಕಿಲೋ ಏರ್ತೈತಿ, ಅಷ್ಟೂ ಸ್ಪ್ರಿಂಗಿನ ಕೆಳಗ. ಸಾಲು ಕಲ್ಲಿನ ಮ್ಯಾಲೆ ಮುಂದಿನ ವೀಲು ಒಂದು ಕಲ್ಲಿನಿಂದ ಎದ್ದು ಕೆಳಗ ಬರೋದ್ರೊಳಗ ಮುಂದಿನ ಕಲ್ಲು ಬಂದಿರ್ತೈತಿ. ಹ್ಯಾಂಡಲ್ ತಿರುವೋದೂ ಭಾರ ಆಗ್ತೈತಿ. ಇದು ಕೈಗೆ ಗೊತ್ತಾಗೋ ಫರಕ.

ಇನ್ನೊಂದು, ಒಂದೇ ಅಳತಿಯ ಎರಡು ಕಂಪನಿ ಟಯರಿನ ನಡುವೇ ಒಂದು ಕಿಲೋ ವ್ಯತ್ಯಾಸ ಇರಬಹುದು. 21 ಇಂಚಿನ ಗುಬ್ಬಿ ಟಯರು 4ರಿಂದ 5 ಕೆ.ಜಿ., 18 ಇಂಚಿಂದು ಐದೂವರಿಯಿಂದ ಏಳೂವರಿ. ಪದರ ಹೆಚ್ಚಾದಂಗ ತೂಕ ಏರ್ತೈತಿ. ತೂಕ ಉಳಿಸಬೇಕಂದ್ರ ಮೊದಲು ಟಯರು ತೂಗಿ ತಗೋರಿ, ಆಮ್ಯಾಲೆ ಟ್ಯೂಬಿನ ಚಿಂತಿ.

ಎರೆಮಣ್ಣು_ಸಿಂಧನೂರು
ಮಳಿ ಬಿದ್ದ ಮ್ಯಾಲೆ ನಮ್ಮ ಎರಿ ಹೊಲದಾಗ ಒಂದು ಸುತ್ತು ಹಾಕ್ರಿ. ಐದು ಕಿಲೋ ಮಣ್ಣು ಪುಕ್ಕಟೆ ಹತ್ತತದ, ಗ್ರಾಂ ಲೆಕ್ಕ ಎಲ್ಲಾ ಅಲ್ಲೇ ಮುಗೀತದ 😄

ಬಂಡೆಗಲ್ಲು
ಮಡ್‌ಗಾರ್ಡ್ ಮ್ಯಾಲಕ್ಕ ಎತ್ರಿ ಮೊದಲು.

ಸ್ಪೋಕ್_ಮೇಸ್ತ್ರಿ
ಕೊಪ್ಪಳದವರೇ, ಯಾವುದೇ ನಿರ್ಧಾರಕ್ಕೆ ಮುಂಚೆ ರಿಮ್ ಮೇಲಿನ ಅಚ್ಚು ಓದಿ. ಅಗಲದ ಸಂಖ್ಯೆ ಜೊತೆ ಎಂಟಿ ಅಂತ ಇದ್ದರೆ ಒಳಗೆ ಬೀಡ್ (ಟಯರಿನ ಒಳ ಅಂಚು) ಕೂರುವ ಜಾಗದ ಪಕ್ಕ ಸಣ್ಣ ದಿಬ್ಬ ಇರುತ್ತೆ. ಹವಾ ಇಳಿದರೂ ಆ ದಿಬ್ಬ ಬೀಡನ್ನ ಜಾರಲು ಬಿಡಲ್ಲ. ಡಬ್ಲ್ಯೂಎಂ ಅಂತ ಇದ್ದರೆ, ಅಥವಾ ಬರೀ 21x1.60 ಥರ ಸಂಖ್ಯೆ ಮಾತ್ರ ಇದ್ದರೆ, ಸಾಮಾನ್ಯವಾಗಿ ದಿಬ್ಬ ಇರಲ್ಲ. ಅಚ್ಚು ಅಳಿಸಿದ್ದರೆ ಟಯರ್ ಬಿಚ್ಚಿದಾಗ ಬೆರಳಾಡಿಸಿ ನೋಡಿ, ಗೊತ್ತಾಗುತ್ತೆ.

ದಿಬ್ಬ ಇಲ್ಲದ ರಿಮ್ಮನ್ನ ಸೀಲ್ ಮಾಡಿದರೆ ಗಾಳಿ ನಿಲ್ಲುತ್ತೆ. ನಿಲ್ಲುವುದು ಸಮಸ್ಯೆ ಅಲ್ಲ. ತಿರುವಿನಲ್ಲಿ ಹವಾ ಹೋದಾಗ ಬೀಡ್ ನಡುವಿನ ಗುಂಡಿಗೆ ಜಾರಿ ಟಯರ್ ಒಮ್ಮೆಲೇ ಖಾಲಿ ಆಗುತ್ತೆ. ಹಿಂದಿನ ವೀಲಾದರೆ ಗಾಡಿ ಅಲುಗಾಡುತ್ತೆ, ನಿಲ್ಲಿಸಬಹುದು. ಮುಂದಿನದಾದರೆ ನೆಲ ಕಾಣೋದೇ. 21 ಇಂಚಿನ ಸಪೂರ ರಿಮ್ಮುಗಳಲ್ಲಿ ದಿಬ್ಬ ಇರೋದು ಅಪರೂಪ. ಅದಕ್ಕೇ ಮುಂದೆ ಟ್ಯೂಬು, ಹಿಂದೆ ಟ್ಯೂಬ್‌ಲೆಸ್ ಅನ್ನೋ ಜೋಡಿ ಇಷ್ಟು ಬಳಕೆಯಲ್ಲಿರೋದು.

ರಾಯಚೂರ್_ಬಿಸಿಲು
ಹಿಂದಿನ ವೀಲ್ ಸೀಲ್ ಮಾಡೋ ಪದ್ಧತಿ ಒಂದೀಟು ಬರೀರಿ ಮೇಸ್ತ್ರಿ. ಎಪಾಕ್ಸಿ ಪುಟ್ಟಿ ಬಳದ್ರ ನಡೀತದಂತ ಹೇಳ್ತಾರಲ್ಲ?

ಸ್ಪೋಕ್_ಮೇಸ್ತ್ರಿ
ಪುಟ್ಟಿ ಬೇಡ. ಗಟ್ಟಿ ಆದ ಎಪಾಕ್ಸಿ ಬಾಗಲ್ಲ. ಸ್ಪೋಕ್ ವೀಲ್ ಪ್ರತಿ ಏಟಿಗೂ ಕೂದಲೆಳೆಯಷ್ಟು ಬಾಗುತ್ತೆ, ನಿಪ್ಪಲ್ (ಕಡ್ಡಿಯನ್ನ ರಿಮ್ಮಿಗೆ ಬಿಗಿಯುವ ನಟ್ಟು) ಸುತ್ತ ಪುಟ್ಟಿ ಬಿರುಕು ಬಿಟ್ಟು ಅಲ್ಲಿಂದ ಸೋರುತ್ತೆ. ಅಂಗಡಿಯಲ್ಲಿ ಸಿಗುವ, ಹುಳಿ ವಾಸನೆ ಬರುವ ಸಿಲಿಕೋನ್ ಕೂಡ ಬೇಡ. ಅದರ ಆಮ್ಲ ನಿಪ್ಪಲ್ಲಿನ ಲೋಹ ತಿನ್ನುತ್ತೆ, ಆಮೇಲೆ ಅದರ ಮೇಲೆ ಬೇರೆ ಯಾವ ಅಂಟೂ ಹಿಡಿಯಲ್ಲ. ಬೇಕಾದ್ದು ಒಣಗಿದ ಮೇಲೂ ರಬ್ಬರಿನಂತೆ ಇರುವ ಪಾಲಿಯುರೆಥೇನ್. ದೋಣಿಗೆ ಬಳಸುವ 3ಎಂ 5200 ಇದಕ್ಕೆ ಹೆಸರುವಾಸಿ. ಅದರ ಮೇಲೆ ಅದೇ ಕಂಪನಿಯ 4411ಎನ್ ಟೇಪು.

ಮೊದಲ ಕೆಲಸ ವೀಲ್ ನೇರ ಮಾಡಿಸೋದು. ಓರೆ ತೆಗೆಸಿ, ಎಲ್ಲ ಸ್ಪೋಕ್ ಒಂದೇ ಬಿಗಿಗೆ ತರಬೇಕು. ಸ್ಪ್ಯಾನರಿನಿಂದ ತಟ್ಟಿದರೆ ಎಲ್ಲ ಕಡ್ಡಿಯೂ ಹತ್ತಿರದ ನಾದ ಕೊಡಬೇಕು, ಒಂದು ಮಾತ್ರ ಬದ್ ಅಂದರೆ ಸಡಿಲ. ಸೀಲ್ ಆದ ಮೇಲೆ ನಿಪ್ಪಲ್ ತಿರುಗಿಸಿದರೆ ಅಂಟು ಕಿತ್ತುಬರುತ್ತೆ. ಹೊಸ ಗಾಡಿಯಾದರೆ ಕಡ್ಡಿ ಸಡಿಲ ಆಗಿ ಒಮ್ಮೆ ಬಿಗಿ ಮಾಡಿಸಿದ ಮೇಲಷ್ಟೇ ಕೈ ಹಾಕಿ.

ರಿಮ್ ಪಟ್ಟಿ ತೆಗೆದು, ನಿಪ್ಪಲಿನಿಂದ ಮೇಲೆ ಚಾಚಿರುವ ಕಡ್ಡಿ ತುದಿ ಅರದಿಂದ ಉಜ್ಜಿ ಸಮ ಮಾಡಿ. ತುಕ್ಕು, ಹಳೇ ರಬ್ಬರು ಕೆರೆದು ತೆಗೆಯಿರಿ. ಆಮೇಲೆ ಅಸಿಟೋನ್ ಹಾಕಿ, ಹೊಸ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬೆಳ್ಳಗೆ ಬರುವ ತನಕ ಒರೆಸಬೇಕು. ಸೋರಿಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟೋದು ಇಲ್ಲೇ, ಎಣ್ಣೆ ಕೈಯಿಂದ ಮುಟ್ಟಿದ ಜಾಗದಲ್ಲಿ. ಸಂಡೂರು ಕಡೆಯ ಅದಿರಿನ ಧೂಳಿದ್ದರೆ ಇನ್ನೂ ಎಚ್ಚರ, ಆ ಕೆಂಪು ಹುಡಿ ನಿಪ್ಪಲ್ ಸಂದಿಯಲ್ಲಿ ಕೂತರೆ ಬ್ರಷ್ಷಿಗೂ ಬರಲ್ಲ. ಕಂಪ್ರೆಸರ್ ಗಾಳಿ ಹೊಡೆಯಬೇಕು.

ಪ್ರತಿ ನಿಪ್ಪಲ್ ತಲೆಗೆ ಅಂಟು ಒತ್ತಿ, ಸಂದಿಗೆ ಇಳಿಯುವ ಹಾಗೆ ಬೆರಳಲ್ಲಿ ತೀಡಿ. ಬೀಡ್ ಕೂರುವ ಅಂಚಿಗೆ ಮಾತ್ರ ಒಂದು ಹನಿಯೂ ತಾಗಬಾರದು. ಮಾಮೂಲಿ 5200 ಪೂರ್ತಿ ಗಟ್ಟಿ ಆಗಲು 5–7 ದಿನ ಬೇಕು, ಫಾಸ್ಟ್ ಕ್ಯೂರ್ ಆದರೆ ಒಂದು ದಿನ. ಆಮೇಲೆ ನಡುವಿನ ತಗ್ಗಿಗೆ ಟೇಪನ್ನ ಎಳೆದು ಬಿಗಿಯಾಗಿ ಒಂದು ಸುತ್ತು ಸುತ್ತಿ, ಕೊನೆಯಲ್ಲಿ ನಾಲ್ಕು ಬೆರಳು ಮೇಲೆ ಹಾಯುವಂತೆ ಮುಗಿಸಿ. ಮೇಲುಹಾಸು ವಾಲ್ವ್ ತೂತಿನ ಮೇಲೆ ಬರದಿರಲಿ. ಸ್ಪೂನಿನ ಬೆನ್ನಿನಿಂದ ಒತ್ತಿ ಗುಳ್ಳೆ ತೆಗೆಯಿರಿ.

ರಾಯಚೂರ್_ಬಿಸಿಲು
ನಮ್ಮೂರಾಗ ಮೇ ತಿಂಗಳ ಮಧ್ಯಾಹ್ನ ಟೇಪಿನ ಅಂಟೇ ಕರಗಿ ಹೋಗ್ತದೇನೋ ಅಂತ ಅನುಮಾನ ಅದ ನನಗ.

ಸ್ಪೋಕ್_ಮೇಸ್ತ್ರಿ
ಒಳಗಿನ ಹವಾನೇ ಟೇಪನ್ನ ರಿಮ್ಮಿಗೆ ಒತ್ತಿ ಹಿಡಿಯುತ್ತೆ, ಅದರಿಂದ ಬಿಸಿಲಿಗೆ ಅಷ್ಟು ಬೇಗ ಬಿಡಲ್ಲ. ಕೆಡುವುದು ಟಯರ್ ಬದಲಿಸುವಾಗ. ಲಿವರ್ ತುದಿ ಆಳಕ್ಕೆ ಹಾಕಿದರೆ ಟೇಪ್ ಹರಿಯುತ್ತೆ. ಲಿವರಿನ ತುದಿ ಎರಡು ಬೆರಳಿಗಿಂತ ಒಳಗೆ ಹೋಗಬಾರದು. ಪಂಕ್ಚರ್ ಅಂಗಡಿಯ ಹುಡುಗರಿಗೆ ಮೊದಲೇ ಹೇಳಿ.

ಲೆಕ್ಕದವ
ಬಿಸಿಲಿಂದು ಬ್ಯಾರೆ ತೊಂದ್ರಿ ಐತಿ. ಬೆಳಿಗ್ಗೆ 25 ಡಿಗ್ರಿಯೊಳಗ 15 ಪಿಎಸ್‌ಐ ತುಂಬಿದ್ದು, ಟಯರಿನ ಗಾಳಿ 60 ಡಿಗ್ರಿಗೆ ಏರಿದ್ರ ಹದಿನೆಂಟೂವರಿ ಆಗ್ತೈತಿ. 30 ತುಂಬಿದ್ದು 35 ದಾಟ್ತೈತಿ. ಮಧ್ಯಾಹ್ನ ಬಿಸಿ ಟಯರಿನಿಂದ ಗಾಳಿ ಬಿಟ್ಟು 15ಕ್ಕ ತಂದ್ರ, ಸಂಜಿಗೆ ತಂಪಾದಾಗ 12 ಆಗಿ ರಿಮ್ಮು ಕಲ್ಲಿಗೆ ಬಡೀತೈತಿ. ಹವಾ ಬೆಳಿಗ್ಗೆನ ನೋಡ್ರಿ.

ಜಾಲಿಮುಳ್ಳು_ಸಿರುಗುಪ್ಪ
ಎಲ್ಲಾರೂ ಕಲ್ಲಿನ ಮಾತು ಆಡಾಕತ್ತೀರಿ, ಮುಳ್ಳಿಂದು ಯಾರೂ ಹೇಳವಲ್ರಿ. ಬಳ್ಳಾರಿ ಜಾಲಿ ಅಂತ ಊರ ಹೆಸರ ಇಟ್ಕೊಂಡೈತಿ ಅದು.

ಟ್ಯೂಬಿನೊಳಗ ಮುಳ್ಳು ಹೊಕ್ಕರ ಟಯರು ತಿರುಗಿದಂಗ ಟ್ಯೂಬು ಜರುಗಿ ಒಂದು ತೂತು ನಾಲ್ಕಾಗ್ತೈತಿ. ದಪ್ಪ ಟ್ಯೂಬು ಇದ್ರ ಸಣ್ಣ ಮುಳ್ಳು ತಡೀತೈತಿ, ಉದ್ದನ ಒಣ ಮುಳ್ಳು ಅದನ್ನೂ ದಾಟ್ತೈತಿ. ಟ್ಯೂಬ್‌ಲೆಸ್ಸಿನೊಳಗ ಮುಳ್ಳು ಅಲ್ಲೇ ಬೂಚಿನಂಗ ಕುಂದ್ರತೈತಿ, ಸೀಲಂಟ್ ಇದ್ರ ಹವಾ ಇಳಿಯೋದು ಗೊತ್ತಾಗಂಗಿಲ್ಲ. ಮುಳ್ಳಿನ ನಾಡಿಗೆ ಟ್ಯೂಬ್‌ಲೆಸ್ ಮೇಲು, ಇದರಾಗ ವಾದಾನ ಇಲ್ಲ.

ಆದ್ರ ಒಂದು ಮಾತು ಕಟ್ಟಿಟ್ಕೋರಿ. ಹಂಗ ತಿಂಗಳುಗಟ್ಟಲೆ ಓಡಿಸಿದ ಟಯರಿನೊಳಗ ಹತ್ತಿಪ್ಪತ್ತು ಮುಳ್ಳು ಮುರದು ಉಳಿದಿರ್ತಾವ. ಮುಂದ ಎಲ್ಲೋ ಗ್ವಾಡಿ ಸೀಳಿ ಅನಿವಾರ್ಯಕ್ಕ ಟ್ಯೂಬು ಹಾಕಿದಿರಿ ಅಂದ್ರ, ಆ ಮುಳ್ಳು ಎಲ್ಲಾ ಒಮ್ಮೆಲೇ ಟ್ಯೂಬಿಗೆ ಚುಚ್ಚತಾವ. ಹಳೇ ಕಾಲುಚೀಲ ಇಲ್ಲಾ ಬಟ್ಟಿ ಒಳಗ ಸುತ್ತಲೂ ಎಳೀರಿ, ಎಲ್ಲಿ ಸಿಕ್ಕಿಕೋತೈತೋ ಅಲ್ಲಿ ಮುಳ್ಳು. ಇಕ್ಕಳ ಇರಲಿ. ಬರಿಗೈ ಆಡಿಸಬ್ಯಾಡ್ರಿ.

ಎರೆಮಣ್ಣು_ಸಿಂಧನೂರು
ಹಂಗಾದ್ರ ಟ್ಯೂಬಿನೊಳಗ ಸೀಲಂಟ್ ಹಾಕಿದ್ರ ಆಗಂಗಿಲ್ಲೇನು? ಖರ್ಚೂ ಕಮ್ಮಿ.

ಜಾಲಿಮುಳ್ಳು_ಸಿರುಗುಪ್ಪ
ಸಣ್ಣ ಮುಳ್ಳಿಗೆ ನಡೀತೈತಿ. ಕಲ್ಲಿಗೆ ಕತ್ತರಿಸಿದ ಜೋಡಿ ಸೀಳಿಗೆ ನಡಿಯಂಗಿಲ್ಲ, ಟ್ಯೂಬಿನ ಸೀಳು ಹಿಗ್ಗಿ ಬಾಯಿ ಬಿಡ್ತೈತಿ. ಮ್ಯಾಲೆ ತೂತಿನಿಂದ ಹೊರಬಂದ ದ್ರವ ಟ್ಯೂಬಿಗೆಲ್ಲಾ ಹತ್ತಿ ತೇಪಿ ಹಿಡಿಯಂಗಿಲ್ಲ.

ಬಂಡೆಗಲ್ಲು
ಈ ಚರ್ಚೆದ ಅಸಲು ಮಾತು ಇದ. ಮುಳ್ಳಿಗೆ ಮದ್ದು ಸೀಲಂಟು, ಕಲ್ಲಿಗೆ ಮದ್ದು ಟ್ಯೂಬ್ ತಗಿಯೋದು ಇಲ್ಲಾ ದಪ್ಪ ಟ್ಯೂಬು. ಹೊಸಬರ ಗಾಡಿ ತೂಕಕ್ಕ ಮಾಮೂಲಿ ಟ್ಯೂಬಿನೊಳಗ ಬಂಡಿ ದಾರಿಗೆ 18–20 ಪಿಎಸ್‌ಐಗಿಂತ ಕೆಳಗ ಇಳಿಯೋದು ಜೂಜು. 4 ಮಿ.ಮೀ. ಇದ್ರ 15ರ ತನಕ ಧೈರ್ಯ ಮಾಡಬಹುದು. ಅದಕ್ಕೂ ಕೆಳಗ ಟ್ಯೂಬು ಉಳಿದ್ರೂ ರಿಮ್ಮು ಡೊಂಕಾಗ್ತೈತಿ. ಟ್ಯೂಬ್‌ಲೆಸ್ ಮಾಡಿದ್ರ ರಿಮ್ಮಿಗೆ ಏಟು ಬೀಳಂಗಿಲ್ಲ ಅಂತಲ್ಲ, ಡೊಂಕಾದ ಅಂಚಿನಿಂದ ಹವಾ ಸೋರ್ತೈತಿ ಅನ್ನೋದು ಹೆಚ್ಚುವರಿ ತಲಿನೋವು. ಟ್ಯೂಬಿಗಾದ್ರ ಡೊಂಕು ರಿಮ್ಮು ನಡೀತೈತಿ.

ಹೊಸಬ_ಕೊಪ್ಪಳ
ಟ್ಯೂಬ್ಲಿಸ್ ಹೆಂಗ್ರಿ ಹಂಗಾದ್ರ? ಮತ್ತ ಫೋಮ್ ತುಂಬಿದ್ದು ಬರ್ತೈತಂತಲ್ಲ.

ಲೆಕ್ಕದವ
ಟ್ಯೂಬ್ಲಿಸ್ ಅಂದ್ರ ರಿಮ್ಮಿಗೆ ಅಂಟಿಕೊಂಡಂಗ ಒಳಗೊಂದು ಸಣ್ಣ ಹೈ ಪ್ರೆಷರ್ ಟ್ಯೂಬು, ಅದಕ್ಕ 110 ಪಿಎಸ್‌ಐ ತುಂಬಬೇಕು. ಅದು ಎರಡೂ ಬೀಡನ್ನ ರಿಮ್ಮಿಗೆ ಒತ್ತಿ ಹಿಡೀತೈತಿ, ಸ್ಪೋಕಿನ ತೂತೂ ಮುಚ್ಚತೈತಿ. ಹೊರಗಿನ ಟಯರಿನ ಗಾಳಿ ಬ್ಯಾರೆ ವಾಲ್ವಿನಿಂದ, ಅದಕ್ಕ ರಿಮ್ಮಿಗೆ ಇನ್ನೊಂದು ತೂತು ಕೊರೀಬೇಕು. ತೂಕ ದಪ್ಪ ಟ್ಯೂಬಿಗಿಂತ ಕಮ್ಮಿ. ಬೀಡು ಸುತ್ತಲೂ ಹಿಡಿದಿರೋದ್ರಿಂದ ರಿಮ್ ಲಾಕ್ (ಟಯರು ರಿಮ್ಮಿನ ಮ್ಯಾಲೆ ಜಾರದಂಗ ಹಿಡಿಯೋ ಸಾಮಾನು) ಬ್ಯಾರೆ ಬೇಕಾಗಿಲ್ಲ. ಕಾಡಿನ ನಡುವೇ ಟಯರು ಬಿಚ್ಚಿ ಹಾಕಿದ್ರೂ ಬೀಡು ಕುಂದರಸಾಕ ಕಂಪ್ರೆಸರ್ ಬ್ಯಾಡ, ಸೈಕಲ್ ಪಂಪು ಸಾಕು. ಇದು ದೊಡ್ಡ ಲಾಭ.

ತೊಂದ್ರಿ ಏನಂದ್ರ, ಪ್ರತಿ ಸಲ ಹೊರಡೋ ಮುಂಚೆ 110 ಐತೋ ಇಲ್ಲೋ ನೋಡಬೇಕು. ಆ ಒಳಟ್ಯೂಬು ಹೋದ್ರ ಎಲ್ಲಾ ಹೋದಂಗ. ಮಾಡಿದವರೇ ಇದು ಕಚ್ಚಾ ದಾರಿಗೆ ಮಾತ್ರ ಅಂತಾರ. ಹೈವೇ ಮ್ಯಾಲೆ ಹೋಗಿ ಆಮ್ಯಾಲೆ ಬಂಡಿ ದಾರಿ ಹಿಡಿಯೋರಿಗೆ ಹೊಂದಂಗಿಲ್ಲ. 17 ಇಂಚಿನ ಹಿಂದಿನ ರಿಮ್ಮಿನ ಗಾಡಿಯವರು ಆಸಿ ಬಿಡ್ರಿ, ಬರೋದು 18, 19, 21ಕ್ಕ.

ಫೋಮ್ ಅಂದ್ರ ಮೂಸ್. ಸುಮಾರು 13 ಪಿಎಸ್‌ಐ ಹವಾ ಇದ್ದಂಗ ನಡೀತೈತಿ, ಪಂಕ್ಚರ್ ಅನ್ನೋದೇ ಇಲ್ಲ. ಹಗುರ ಅಲ್ಲ. ಜೆಲ್ ಹಚ್ಚಿ ತುರುಕೋದು ಹರಸಾಹಸ, ಡಾಂಬರು ರಸ್ತಿ ಮ್ಯಾಲೆ ಒಂದೇ ಸಮ ವೇಗದೊಳಗ ಓಡಿಸಿದ್ರ ಬಿಸಿಯಾಗಿ ಪುಡಿ ಆಗ್ತೈತಿ. ರೇಸಿನವರ ಸಾಮಾನು.

ಕೆಂಪುಧೂಳು_ಸಂಡೂರು
ಇಷ್ಟೆಲ್ಲಾ ಯಾಕ, ಎಕ್ಸ್‌ಪಲ್ಸ್ 200ಟಿ ಗಾಡಿಯ 17 ಇಂಚಿನ ಅಲಾಯ್ ತಂದು ಹಾಕಿದ್ರ ಮುಗೀತಲ್ಲ? ಕಂಪನಿ ಟ್ಯೂಬ್‌ಲೆಸ್ಸು.

ಬಂಡೆಗಲ್ಲು
100/80-17 ಹಾಕಿದ್ರ ಮುಂದಿನ ಆಕ್ಸಲ್ 50 ಮಿ.ಮೀ. ಕೆಳಗ ಇಳೀತೈತಿ. ಹ್ಯಾಂಡಲ್ ಕೋನ ಬದಲಾಗ್ತೈತಿ, ಎಂಜಿನ್ ಹೊಟ್ಟಿ ಕಲ್ಲಿಗೆ ಹತ್ತತೈತಿ. ಮ್ಯಾಲೆ ಅಲಾಯ್ ಬಂಡಿಗೆ ಬಡದ್ರ ಸೀಳ್ತೈತಿ, ಸ್ಪೋಕ್ ರಿಮ್ಮು ಡೊಂಕಾದ್ರ ಬಡದು ಮನಿ ಮುಟ್ಟಬಹುದು. 21 ಇಂಚು ಇಟ್ಟಿದ್ದೇ ಕಲ್ಲು ಹತ್ತಾಕ.

ರಾಯಚೂರ್_ಬಿಸಿಲು
ಹಿಮಾಲಯನ್ 450ಕ್ಕ 2024ರಿಂದ ಬೇಕಂದ್ರ ಟ್ಯೂಬ್‌ಲೆಸ್ ಸ್ಪೋಕ್ ವೀಲೂ ಸಿಗ್ತದ. ಅದನ್ನ ತಂದು ಎಕ್ಸ್‌ಪಲ್ಸ್‌ಗ ಹಾಕ್ತೀನಿ ಅಂದ್ರ ಹಬ್, ಡಿಸ್ಕ್, ಸ್ಪ್ರಾಕೆಟ್ ಯಾವುದೂ ಕೂಡಂಗಿಲ್ಲ, ಯಾರೂ ಕೇಳಬ್ಯಾಡ್ರಿ ಅಂತ ಮೊದಲೇ ಹೇಳಿದೆ.

ಎರೆಮಣ್ಣು_ಸಿಂಧನೂರು
ಹಿರೇಬೆಣಕಲ್ ಗುಡ್ಡಕ್ಕ ಬೈಕ್ ಹತ್ತಸಬಹುದೇನ್ರಿ, ಬಂಡಿ ಚಲೋ ಅದಾವಂತ.

ಬಂಡೆಗಲ್ಲು
ಬ್ಯಾಡ. ಅಲ್ಲಿರೋದು ಬೃಹತ್ ಶಿಲಾಯುಗದ ಸಮಾಧಿ ಮನಿಗಳು, ಸಂರಕ್ಷಿತ ಜಾಗ. ನಡಕೊಂಡು ಹೋಗಿ ನೋಡ್ರಿ. ದರೋಜಿ ಕರಡಿ ಧಾಮದ ಸುತ್ತಲೂ ಹಂಗ, ಗಾಡಿ ಒಳಗ ಹೊಡೀಬ್ಯಾಡ್ರಿ. ವಿಷಯಕ್ಕ ಬರೋಣು.

ಹೊಸಬ_ಕೊಪ್ಪಳ
ಆತು. ಅಚ್ಚು ನೋಡಿ ಬಂದೆ, ಹಿಂದಿನ ರಿಮ್ಮಿನ ಮ್ಯಾಲೆ ಎಂಟಿ ಅಂತ ಐತಿ. ಹಿಂದಿಂದು ಸೀಲ್, ಮುಂದ 4 ಮಿ.ಮೀ. ಟ್ಯೂಬು ಅಂತ ಮನಸ್ಸು ಮಾಡೇನಿ. ಟಯರಿನ ಗ್ವಾಡಿ ಮ್ಯಾಲೆ ಟಿಟಿ ಅಂತ ಬರದೈತಿ, ಅದ ಟಯರು ನಡೀತೈತೇನು? ವಾಲ್ವ್ ಯಾವುದು?

ಸ್ಪೋಕ್_ಮೇಸ್ತ್ರಿ
ಟಿಟಿ ಅಂದರೆ ಟ್ಯೂಬ್ ಟಯರು, ಒಳಗೆ ಗಾಳಿ ತಡೆಯುವ ರಬ್ಬರ್ ಪದರ ಇರಲ್ಲ. ಗೋಡೆಯ ನೂಲಿನ ಮೂಲಕವೇ ನಿಧಾನ ಸೋರುತ್ತೆ. ಸೀಲಂಟ್ ಹಾಕಿ ಓಡಿಸೋರಿದ್ದಾರೆ, ಆದರೆ ಬೀಡ್ ಆಕಾರವೂ ಟ್ಯೂಬ್‌ಲೆಸ್ಸಿಗೆ ತಕ್ಕದ್ದಲ್ಲ. ಟಿಎಲ್ ಅಂತ ಇರೋ ಟಯರ್ ತಗೊಳ್ಳಿ. ಮುಂದೆ ಬೇಕಾದರೆ ಅದರೊಳಗೆ ಟ್ಯೂಬೂ ಹಾಕಬಹುದು, ತಿರುಗುಮುರುಗು ಆಗಲ್ಲ.

ವಾಲ್ವ್ ವಿಷಯ: ಕಾರಿನ ಅಂಗಡಿಯಲ್ಲಿ ಸಿಗುವ ಎಳೆದು ಕೂರಿಸೋ ರಬ್ಬರ್ ವಾಲ್ವಿಗೆ ಹನ್ನೊಂದೂವರೆ ಮಿ.ಮೀ. ತೂತು ಬೇಕು. ಟ್ಯೂಬ್ ರಿಮ್ಮಿನ ತೂತು ಎಂಟೂಕಾಲರ ಆಸುಪಾಸು. ತೂತು ದೊಡ್ಡದು ಮಾಡಬೇಡಿ, ಎಂಟೂಕಾಲಿಗೆ ಸರಿಹೊಂದುವ, ಎರಡೂ ಕಡೆ ರಬ್ಬರ್ ವಾಷರ್ ಇಟ್ಟು ನಟ್ಟಿನಿಂದ ಬಿಗಿಯುವ ಲೋಹದ ವಾಲ್ವ್ ಸಿಗುತ್ತೆ. ಒಳಗಿನ ವಾಷರ್ ಕೂರುವ ಜಾಗ ಸಮತಟ್ಟಾಗಿರಲಿ, ಟೇಪಿನ ಮಡಿಕೆ ಬಂದರೆ ಅಲ್ಲೇ ಸೋರುತ್ತೆ.

ಜಾಲಿಮುಳ್ಳು_ಸಿರುಗುಪ್ಪ
ರಿಮ್ ಲಾಕ್ ತೂತು ಇದ್ರ ಅದನ್ನೂ ಮುಚ್ಚಬೇಕು ಅನ್ನೋದು ಬಿಟ್ರಿ.

ಸ್ಪೋಕ್_ಮೇಸ್ತ್ರಿ
ಹೌದು, ಬೋಲ್ಟು ವಾಷರ್ ಹಾಕಿ ಅದೇ ಅಂಟು. ಲಾಕ್ ಇಲ್ಲದಿದ್ದರೆ ಹಿಂದೆ 15ಕ್ಕಿಂತ ಕೆಳಗೆ ಇಳಿಬೇಡಿ. ಬ್ರೇಕಿಗೆ ರಿಮ್ಮಿನ ಮೇಲೆ ಟಯರ್ ಜಾರುತ್ತೆ, ಬೀಡು ಉಜ್ಜಿ ಹವಾ ಬಿಡುತ್ತೆ.

ಬೀಡ್ ಕೂರಿಸುವಾಗ ಸಾಬೂನು ನೀರು ಹಚ್ಚಿ, ವಾಲ್ವ್ ಕೋರ್ ತೆಗೆದು ಅಂಗಡಿಯ ದೊಡ್ಡ ಕಂಪ್ರೆಸರಿನಿಂದ ಒಮ್ಮೆಲೇ ಹೊಡೆಸಿ. ಟಕ್ ಟಕ್ ಅಂತ ಎರಡು ಸಲ ಕೇಳಬೇಕು. ಟಯರಿನ ಗೋಡೆ ಮೇಲೆ ಬರೆದ ಗರಿಷ್ಠ ಒತ್ತಡ ದಾಟಬೇಡಿ. ಕೂರದಿದ್ದರೆ ಸುತ್ತ ಬೆಲ್ಟ್ ಕಟ್ಟಿ ಬಿಗಿದು ಮತ್ತೆ ಹೊಡೆಸಿ. ಜೇಬಿನಲ್ಲಿಡುವ 12 ವೋಲ್ಟ್ ಪಂಪಿನಿಂದ ಆಗೋ ಕೆಲಸ ಅಲ್ಲ ಇದು. ಆಮೇಲೆ ನಿಪ್ಪಲ್, ವಾಲ್ವ್, ಅಂಚು ಎಲ್ಲಕ್ಕೂ ಸಾಬೂನು ನೀರು ಸಿಂಪಡಿಸಿ ಗುಳ್ಳೆ ಹುಡುಕಿ, ಒಂದು ರಾತ್ರಿ ಬಿಟ್ಟು ಹವಾ ಅಳೆಯಿರಿ. ಒಂದೆರಡು ಪಿಎಸ್‌ಐ ಇಳಿದಿದ್ದರೆ ಚಿಂತೆಯಿಲ್ಲ, ಸೀಲಂಟ್ ಮುಚ್ಚಿಕೊಳ್ಳುತ್ತೆ. ಐದಕ್ಕಿಂತ ಜಾಸ್ತಿ ಆದರೆ ಬಿಚ್ಚಿ ನೋಡಲೇಬೇಕು.

ಲೆಕ್ಕದವ
ಸೀಲಂಟ್ ತಗೋವಾಗ ಅಮೋನಿಯಾ ಇಲ್ಲದ್ದು ನೋಡ್ರಿ, ಅಮೋನಿಯಾ ಅಲ್ಯುಮಿನಿಯಂ ತಿಂತೈತಿ. ನಮ್ಮ ಬ್ಯಾಸಿಗಿಗೆ ಲ್ಯಾಟೆಕ್ಸಿಂದು ಬೇಗ ಒಣಗಿ ಚೂರಾಗ್ತೈತಿ, ಗ್ಲೈಕಾಲಿಂದು ಒಂದೀಟು ಬಾಳಿಕಿ ಬರ್ತೈತಿ.

ಹೊಸಬ_ಕೊಪ್ಪಳ
ಮುಂದಿನ ದಪ್ಪ ಟ್ಯೂಬಿಗೆ ಏನರ ವಿಶೇಷ ಐತೇನು? ದಾರಿಯೊಳಗ ಹಿಂದಿಂದು ಸೀಳಿದ್ರ ಎರಡೂ ಅಳತಿಯ ಟ್ಯೂಬು ಒಯ್ಯಬೇಕೇನು?

ಜಾಲಿಮುಳ್ಳು_ಸಿರುಗುಪ್ಪ
21ರ ಮಾಮೂಲಿ ಟ್ಯೂಬು ಒಂದ ಸಾಕು. 18ರೊಳಗೂ ಮಡಚಿ ತುರುಕಿ ಮನಿ ಮುಟ್ಟಬಹುದು, ನಿಧಾನ ಬರ್ರಿ. ದಪ್ಪ ಟ್ಯೂಬಿಗೆ ಒಳಗೆಲ್ಲಾ ಪೌಡರ್ ಉಜ್ಜಿ ಹಾಕ್ರಿ, ಇಲ್ಲಾಂದ್ರ ತಿಕ್ಕಾಡಿ ಬಿಸಿ ಆಗ್ತೈತಿ. ವಾಲ್ವಿನ ನಟ್ಟು ರಿಮ್ಮಿಗೆ ಬಿಗೀಬ್ಯಾಡ್ರಿ, ಮ್ಯಾಲೆ ಕ್ಯಾಪಿಗೆ ಆನಿಸಿ ಬಿಡ್ರಿ. ಟಯರು ಜಾರಿದ್ರ ವಾಲ್ವ್ ವಾಲಿದ್ದು ಕಣ್ಣಿಗೆ ಕಾಣ್ತೈತಿ, ನಟ್ಟು ಬಿಗಿದಿದ್ರ ಬುಡಾನ ಕಿತ್ತು ಬರ್ತೈತಿ.

ಸ್ಪೋಕ್_ಮೇಸ್ತ್ರಿ
ಮತ್ತೆ ಹಿಂದಿನ ಲೋಹದ ವಾಲ್ವ್ ಬಿಚ್ಚಲು ಬೇಕಾದ ಸ್ಪ್ಯಾನರ್ ಟೂಲ್ ಕಿಟ್ಟಿನಲ್ಲಿ ಇದೆಯಾ ನೋಡಿಕೊಳ್ಳಿ. ಅದು ಬಿಚ್ಚದೆ ಆ ತೂತಿನಲ್ಲಿ ಟ್ಯೂಬಿನ ವಾಲ್ವ್ ಹೋಗಲ್ಲ.